ಸೂಜಿ ನಿಂತಲ್ಲೇ, ಬಟ್ಟೆಗೆ ಓಡಾಟ: ಫ್ರೀ ಮೋಷನ್ ಕ್ವಿಲ್ಟಿಂಗ್‌ನಲ್ಲಿ ನಮ್ಮದೇ ಕೈಬರಹ

ಜೂನ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ಹೊಲಿಗೆ ಮೆಷಿನ್ ಕಿಟಕಿ ಹತ್ತಿರಕ್ಕೆ ಬರುತ್ತದೆ. ಹೊರಗೆ ಮಳೆ, ಒಳಗೆ ಕತ್ತಲೆ. ಇರುವ ಬೆಳಕೆಲ್ಲಾ ಕಿಟಕಿಯಲ್ಲೇ. ಮೊದಲು ಈ ತಿಂಗಳುಗಳಲ್ಲಿ ರವಿಕೆ, ದಿಂಬಿನ ಕವರ್, ಮಕ್ಕಳ ಯೂನಿಫಾರಂ ರಿಪೇರಿ ನಡೆಯುತ್ತಿತ್ತು. ಈಗ ನನಗೆ ಗೊತ್ತಿರುವ ಹಲವು ಮನೆಗಳಲ್ಲಿ ಅದೇ ಮೆಷಿನ್ ಮೇಲೆ ಕ್ವಿಲ್ಟ್, ಅಂದರೆ ಪದರ ಪದರದ ಹೊದಿಕೆ, ಕಾಣುತ್ತಿದೆ. ಕೆಲವರು ಮಕ್ಕಳಿಗಾಗಿ ಹೊಲಿಯುತ್ತಾರೆ, ಕೆಲವರು ಹೋಂಸ್ಟೇ ಕೋಣೆಯ ಹಾಸಿಗೆಗೆ.

ಹೊಲಿಯಲು ಕಲಿತವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಮೊಬೈಲ್ ನೋಡಿ ಕಲಿತೆ. ಬರುತ್ತೆ. ಆದರೆ ಎಲ್ಲರದ್ದೂ ಒಂದೇ ಥರ ಕಾಣುತ್ತಲ್ಲ, ನನ್ನದು ಅಂತ ಹೇಗೆ ಗೊತ್ತಾಗಬೇಕು?" ಇದಕ್ಕೆ ಉತ್ತರ ಇದೆ. ಆದರೆ ಅಲ್ಲಿಗೆ ಹೋಗಬೇಕಾದರೆ ಮೆಷಿನ್ ಒಳಗೆ ಏನು ನಡೆಯುತ್ತದೆ ಅನ್ನುವುದರಿಂದ ಶುರು ಮಾಡಬೇಕು.

ಕ್ವಿಲ್ಟ್ ಅಂದರೆ ಮೂರು ಪದರ

ಮೇಲೆ ಚೆಂದದ ಬಟ್ಟೆ, ಕೆಳಗೆ ಸಾದಾ ಬಟ್ಟೆ, ನಡುವೆ ಹತ್ತಿ ಅಥವಾ ಪಾಲಿಯೆಸ್ಟರ್ ಹಾಳೆ. ಈ ಮೂರನ್ನೂ ಸೇರಿಸಿ ಹಿಡಿಯುವ ಹೊಲಿಗೆಗೆ ಕ್ವಿಲ್ಟಿಂಗ್ ಎನ್ನುತ್ತಾರೆ. ಹೊಲಿಗೆ ಇಲ್ಲದಿದ್ದರೆ ನಡುವಿನ ಹತ್ತಿ ಒಗೆದಾಗ ಒಂದು ಮೂಲೆಗೆ ಹೋಗಿ ಗಂಟು ಕಟ್ಟುತ್ತದೆ. ಹಳೇ ರಜಾಯಿಯಲ್ಲಿ ನೋಡಿರುತ್ತೀರಿ, ಕಾಲ ಹತ್ತಿರ ದಪ್ಪ, ಎದೆ ಹತ್ತಿರ ಬರೀ ಬಟ್ಟೆ.

ಇದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಕೌದಿ ಇದರ ಅಕ್ಕ. ಹಳೇ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಕೈಯಲ್ಲಿ ಓಟದ ಹೊಲಿಗೆ ಹಾಕುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತಾ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಹೂವಿನ ಹಾಗೆ ಮಡಚಿದ ಪುಟ್ಟ ತುಂಡು ಕೂರಿಸುತ್ತಾರೆ. ಅದಕ್ಕೆ ಅವರು ಫುಲ ಎನ್ನುತ್ತಾರೆ. ಯಾವ ತುಂಡಿನ ಪಕ್ಕ ಯಾವ ತುಂಡು ಅನ್ನುವುದನ್ನು ಹೊಲಿಯುವವಳ ಕಣ್ಣೇ ತೀರ್ಮಾನ ಮಾಡುತ್ತದೆ.

ಹಾಗಾಗಿ ಹೊಲಿಗೆಗೆ ಎರಡು ಕೆಲಸ. ಪದರಗಳನ್ನು ಹಿಡಿದಿಡಬೇಕು, ಬಟ್ಟೆ ಮೇಲೆ ಚಿತ್ರವೂ ಆಗಬೇಕು. ನಮ್ಮ ಪ್ರಶ್ನೆ ಇರುವುದು ಎರಡನೆಯದರಲ್ಲಿ.

ಮೆಷಿನ್‌ನ ಹಲ್ಲು ಇಳಿಸಿದರೆ ಏನಾಗುತ್ತದೆ

ಮೆಷಿನ್‌ನಲ್ಲಿ ಸೂಜಿಯ ಕೆಳಗೆ, ತಗಡಿನ ಸಂದಿಯಲ್ಲಿ ಗರಗಸದ ಹಾಗಿರುವ ಸಣ್ಣ ಹಲ್ಲುಗಳಿವೆ. ಪ್ರತಿ ಹೊಲಿಗೆಗೂ ಅವು ಮೇಲೆ ಬಂದು ಬಟ್ಟೆಯನ್ನು ಕಚ್ಚಿ ಒಂದಿಷ್ಟು ಹಿಂದಕ್ಕೆ ತಳ್ಳುತ್ತವೆ. ಅದಕ್ಕೇ ಮಾಮೂಲಿ ಹೊಲಿಗೆ ನೇರವಾಗಿ ಹೋಗುತ್ತದೆ, ಹೊಲಿಗೆಯ ಉದ್ದವೂ ಒಂದೇ ಸಮ ಇರುತ್ತದೆ.

ಫ್ರೀ ಮೋಷನ್‌ನಲ್ಲಿ ಈ ಹಲ್ಲುಗಳಿಗೆ ರಜೆ. ಕೆಲವು ಮೆಷಿನ್‌ಗಳಲ್ಲಿ ಹಲ್ಲು ಇಳಿಸಲು ಪುಟ್ಟ ಗುಂಡಿ ಇರುತ್ತದೆ. ಕೆಲವದರ ಜೊತೆ ಹಲ್ಲು ಮುಚ್ಚುವ ತಗಡು ಬರುತ್ತದೆ. ಎರಡೂ ಇಲ್ಲದ ಹಳೇ ಕಪ್ಪು ಮೆಷಿನ್‌ನಲ್ಲಿ ಹೊಲಿಗೆಯ ಉದ್ದವನ್ನು ಸೊನ್ನೆಗೆ ಇಟ್ಟರೆ ಸಾಕು, ಹಲ್ಲು ಕುಣಿದರೂ ಬಟ್ಟೆಯನ್ನು ತಳ್ಳುವುದಿಲ್ಲ. ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಮಾಮೂಲಿ ಫುಟ್ ತೆಗೆದು ಡಾರ್ನಿಂಗ್ ಫುಟ್ ಹಾಕಬೇಕು. ಅದು ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲ. ಸೂಜಿ ಇಳಿದಾಗ ಮಾತ್ರ ಮುಟ್ಟಿ, ಮೇಲೆದ್ದಾಗ ಬಿಟ್ಟುಬಿಡುತ್ತದೆ.

ಈಗ ಬಟ್ಟೆ ನಿಮ್ಮ ಕೈಯಲ್ಲಿದೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಸುತ್ತಕ್ಕೆ, ಎತ್ತ ಬೇಕಾದರೂ ಸರಿಸಬಹುದು. ಬರೆಯುವಾಗ ಹಾಳೆ ನಿಂತಿರುತ್ತದೆ, ಪೆನ್ನು ಓಡುತ್ತದೆ, ಅಲ್ವಾ? ಇಲ್ಲಿ ಪೆನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿದೆ, ಹಾಳೆಯನ್ನು ಓಡಿಸಬೇಕು. ಮೊದಲ ದಿನ ಎಲ್ಲರಿಗೂ ಕೈ ತಡವರಿಸುವುದು ಇದಕ್ಕೇ.

ಈ ಕೆಲಸವನ್ನು ನೀವು ಆಗಲೇ ನೋಡಿದ್ದೀರಿ. ರವಿಕೆಯ ತೋಳಿಗೆ ಮೆಷಿನ್‌ನಲ್ಲಿ ಹೂಬಳ್ಳಿ ಕಸೂತಿ ಹಾಕುವ ಟೇಲರ್, ಬಟ್ಟೆಯನ್ನು ದುಂಡು ರಿಂಗಿಗೆ ಬಿಗಿದು ಸೂಜಿಯಡಿ ಆಡಿಸುತ್ತಾರಲ್ಲ, ಅದೂ ಫ್ರೀ ಮೋಷನ್ನೇ. ಕ್ವಿಲ್ಟ್‌ನಲ್ಲಿ ರಿಂಗ್ ಇಲ್ಲ, ಬಟ್ಟೆ ದೊಡ್ಡದು, ಅಷ್ಟೇ.

ಹೊಲಿಗೆಯ ಉದ್ದವನ್ನು ಈಗ ಮೆಷಿನ್ ತೀರ್ಮಾನಿಸುವುದಿಲ್ಲ. ಸೂಜಿಯ ವೇಗ, ಕೈಯ ವೇಗ, ಎರಡೂ ಸೇರಿ ತೀರ್ಮಾನಿಸುತ್ತವೆ. ಒಂದು ಲೆಕ್ಕ ನೋಡಿ. ಸೂಜಿ ನಿಮಿಷಕ್ಕೆ 600 ಸಲ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 10. ಒಂದು ಹೊಲಿಗೆ 2.5 ಮಿಲಿಮೀಟರ್ ಬೇಕಾದರೆ ಕೈ ಸೆಕೆಂಡಿಗೆ 25 ಮಿಲಿಮೀಟರ್ ಸರಿಯಬೇಕು. ಹತ್ತಿರ ಹತ್ತಿರ ಒಂದು ಇಂಚು. ಅದಕ್ಕಿಂತ ನಿಧಾನ ಮಾಡಿದರೆ ಹೊಲಿಗೆ ಸಾಸಿವೆಯಷ್ಟಾಗುತ್ತದೆ. ಜೋರು ಮಾಡಿದರೆ ಉದ್ದುದ್ದ. ಹೊಸಬರು ಹೆದರಿಕೆಯಲ್ಲಿ ಪೆಡಲ್ ಮೆಲ್ಲಗೆ ಒತ್ತಿ, ಕೈಯನ್ನು ಜೋರು ಎಳೆಯುತ್ತಾರೆ. ಅದನ್ನು ತಿರುಗಿಸಿ ಮಾಡಬೇಕು: ಸೂಜಿ ಒಂದೇ ಸಮ ಓಡಲಿ, ಕೈ ಸಮಾಧಾನವಾಗಿ ಸಾಗಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಡಾರ್ನಿಂಗ್ ಫುಟ್ ಇಳಿಸಿದರೂ ಬಟ್ಟೆಯಿಂದ ಸ್ವಲ್ಪ ಮೇಲೇ ಇರುವುದರಿಂದ, ಫುಟ್ ಏರಿಸಿ ಇಳಿಸುವ ಹಿಂದಿನ ಸನ್ನೆ (ಲಿವರ್) ಇಳಿಸಿದ್ದೇವಾ ಇಲ್ಲವಾ ಗೊತ್ತೇ ಆಗುವುದಿಲ್ಲ. ಸನ್ನೆ ಇಳಿದಾಗ ಮಾತ್ರ ಮೇಲಿನ ನೂಲನ್ನು ಹಿಡಿಯುವ ಟೆನ್ಶನ್ ಬಿಲ್ಲೆಗಳು ಕೂಡಿಕೊಳ್ಳುತ್ತವೆ. ಮರೆತರೆ ಅಡಿಯಲ್ಲಿ ನೂಲು ಹಕ್ಕಿಗೂಡಿನ ಹಾಗೆ ಸುತ್ತಿಕೊಂಡು ಮೆಷಿನ್ ನಿಲ್ಲುತ್ತದೆ. ನನ್ನ ಮೊದಲ ಕ್ವಿಲ್ಟ್‌ನಲ್ಲಿ ಇಂಥ ಗೂಡು ಐದು ಸಲ ಬಿಚ್ಚಿದ್ದೆ. ಶುರು ಮಾಡುವ ಮುಂಚೆ ಸನ್ನೆ ಮುಟ್ಟಿ ನೋಡಿ. ಆಮೇಲೆ ಸೂಜಿಯನ್ನು ಕೈಯಲ್ಲೇ ಒಂದು ಸಲ ಇಳಿಸಿ ಎತ್ತಿ, ಬಾಬಿನ್ ನೂಲನ್ನು, ಅಂದರೆ ಅಡಿಯ ಉರುಳೆಯ ನೂಲನ್ನು, ಮೇಲಕ್ಕೆ ಎಳೆದುಕೊಳ್ಳಿ. ಎರಡೂ ನೂಲು ಹಿಡಿದು ಮೊದಲ ಮೂರು ನಾಲ್ಕು ಹೊಲಿಗೆ ಅಲ್ಲೇ ಹಾಕಿ.

ಶೈಲಿ ಅನ್ನುವುದು ಎಲ್ಲಿರುತ್ತದೆ

ಎಲ್ಲರೂ ಮೊದಲು ಕಲಿಯುವ ಡಿಸೈನ್‌ಗೆ ಸ್ಟಿಪ್ಲಿಂಗ್ ಎನ್ನುತ್ತಾರೆ. ಗೆರೆ ಸುಮ್ನೆ ಬಳುಕುತ್ತಾ ಹೋಗುತ್ತದೆ, ಆದರೆ ಎಲ್ಲೂ ತನ್ನನ್ನು ತಾನು ದಾಟುವುದಿಲ್ಲ. ಸಂಪಾಜೆ ಘಾಟಿಯ ರಸ್ತೆಯನ್ನು ಮೇಲಿನಿಂದ ನೋಡಿದ ಹಾಗೆ, ತಿರುವು ಮೇಲೆ ತಿರುವು. ಹತ್ತು ಜನರ ಕೈಗೆ ಒಂದೇ ಅಳತೆಯ ತುಂಡು ಕೊಟ್ಟು ಇದನ್ನೇ ಹೊಲಿಯಲು ಹೇಳಿ. ಹತ್ತೂ ಬೇರೆ ಬೇರೆ ಬರುತ್ತವೆ. ಒಬ್ಬರ ತಿರುವು ದುಂಡಗೆ, ಇನ್ನೊಬ್ಬರದು ಬೆರಳಿನ ಹಾಗೆ ಉದ್ದ. ಒಬ್ಬರದು ಒತ್ತೊತ್ತು, ಇನ್ನೊಬ್ಬರದು ಗಾಳಿಯಾಡುವಷ್ಟು ಬಿಡಿ.

ಶೈಲಿ ಅಂದರೆ ಈ ವ್ಯತ್ಯಾಸವೇ. ಶಾಲೆಯಲ್ಲಿ ಎಲ್ಲರಿಗೂ ಒಂದೇ ಕಾಪಿ ಪುಸ್ತಕ ಕೊಟ್ಟಿದ್ದರು, ಆದರೂ ಅಮ್ಮನ ಅಕ್ಷರ ನೋಡಿದ ತಕ್ಷಣ ಅದು ಅಮ್ಮನದೇ ಅಂತ ಗೊತ್ತಾಗುತ್ತದೆ. ಅಕ್ಷರವನ್ನು ಅವರು ಕಂಡುಹಿಡಿದದ್ದಲ್ಲ. ಅದೇ ಅಕ್ಷರ, ಅವರ ಕೈ. ಕ್ವಿಲ್ಟ್‌ನಲ್ಲೂ ಹಾಗೆ. ಯಾರೂ ಹಾಕದ ಡಿಸೈನ್ ಹುಡುಕಬೇಕಾಗಿಲ್ಲ. ನಮ್ಮ ಕೈ ಮತ್ತೆ ಮತ್ತೆ ಏನು ಮಾಡುತ್ತದೆ ಅಂತ ಗುರುತಿಸಿ, ಅದನ್ನು ಬೆಳೆಸಬೇಕು.

ಗುರುತಿಸಲು ಎಲ್ಲಿ ನೋಡಬೇಕು? ಗೆರೆ ದುಂಡಗಿದೆಯಾ, ಚೂಪಾಗಿದೆಯಾ ನೋಡಿ. ಒಂದು ಸುತ್ತು ನಿಂಬೆಹಣ್ಣಿನಷ್ಟಾ, ಕಾಫಿ ಕಾಳಿನಷ್ಟಾ ನೋಡಿ. ಗೆರೆ ಗೆರೆಯ ನಡುವೆ ಎಷ್ಟು ಜಾಗ ಬಿಡುತ್ತೀರಿ, ಸುತ್ತುವಾಗ ಎಡಗಡೆಗೆ ಹೋಗುತ್ತೀರಾ ಬಲಗಡೆಗಾ, ನೂಲಿನ ಬಣ್ಣ ಬಟ್ಟೆಯಲ್ಲಿ ಕರಗಬೇಕು ಅನ್ನಿಸುತ್ತದಾ ಎದ್ದು ಕಾಣಬೇಕು ಅನ್ನಿಸುತ್ತದಾ. ನನ್ನ ಅನುಭವದಲ್ಲಿ ಗೆರೆಗಿಂತ ಜಾಸ್ತಿ ಮಾತಾಡುವುದು ನಡುವೆ ಬಿಟ್ಟ ಜಾಗ. ಒತ್ತಾಗಿ ಹೊಲಿದ ಕಡೆ ಬಟ್ಟೆ ತಗ್ಗುತ್ತದೆ, ಬಿಟ್ಟ ಕಡೆ ಉಬ್ಬುತ್ತದೆ. ಆ ಉಬ್ಬು ತಗ್ಗಿನ ನೆರಳೇ ದೂರದಿಂದ ಮೊದಲು ಕಾಣುವುದು.

ಮೆಷಿನ್‌ನಲ್ಲಿ ಹೊಲಿದದ್ದಕ್ಕೆ ಕೈಗುಣ ಎಲ್ಲಿಂದ ಬರಬೇಕು ಅಂತ ಕೇಳುವವರೂ ಇದ್ದಾರೆ. ಅಮೆರಿಕದಲ್ಲಿ ಈ ಪ್ರಶ್ನೆ ಬಹಳ ದಿನ ಓಡಿತ್ತು. ಕೈಯಲ್ಲಿ ಹೊಲಿದದ್ದೇ ನಿಜವಾದ ಕ್ವಿಲ್ಟ್ ಅಂತ ಅಲ್ಲಿನ ಅನೇಕರ ನಂಬಿಕೆ. 1989ರಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಲ್ ಬ್ರಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟ್‌ಗೆ ಅತ್ಯುತ್ತಮ ಬಹುಮಾನ ಬಂತು. ಆ ಬಹುಮಾನ ಮೆಷಿನ್‌ನಲ್ಲಿ ಕ್ವಿಲ್ಟಿಂಗ್ ಮಾಡಿದ್ದಕ್ಕೆ ಸಿಕ್ಕಿದ್ದು ಅದೇ ಮೊದಲು. ಅದೇ ದೇಶದ ಡಯೇನ್ ಗೌಡಿನ್ಸ್ಕಿ ಮನೆಯ ಮೆಷಿನ್‌ನಲ್ಲೇ, ಕೂದಲೆಳೆಯ ಹಾಗಿರುವ ರೇಷ್ಮೆ ನೂಲಿನಲ್ಲಿ ಪುಟ್ಟ ಪುಟ್ಟ ಗರಿಗಳನ್ನು ಹೊಲಿದು ಹೆಸರಾದರು. ಒಬ್ಬರದು ಬೆಳಕು, ಬಣ್ಣ. ಇನ್ನೊಬ್ಬರದು ಹತ್ತಿರ ಹೋದರೆ ಮಾತ್ರ ಕಾಣುವ ನವಿರು. ಇಬ್ಬರ ಕೈಯಲ್ಲೂ ಇದ್ದದ್ದು ಮೆಷಿನ್ನೇ.

ಕನ್ನಡ ಬರೆದ ಕೈಗೆ ಇದು ಅರ್ಧ ಗೊತ್ತು

ಇಂಗ್ಲಿಷ್ ವಿಡಿಯೋಗಳಲ್ಲಿ ಅಕ್ಷರ ಕೂಡಿಸಿ ಬರೆಯುವ (ಕರ್ಸಿವ್) 'ಎಲ್' ಮತ್ತು 'ಇ' ಬರೆದು ಅಭ್ಯಾಸ ಮಾಡಿ ಅಂತ ಹೇಳುತ್ತಾರೆ. ನಮಗೆ ಅದರ ಹಂಗು ಬೇಕಾಗಿಲ್ಲ. ನಮ್ಮ ಲಿಪಿಯೇ ದುಂಡು. ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ 'ರ', 'ಠ' ತಿದ್ದಿದ್ದೇವೆ. ತಲೆಕಟ್ಟು, ಗುಡಿಸು, ಕೊಂಬು, ವಟ್ರಸುಳಿ, ಇವೆಲ್ಲಾ ಕೈಗೆ ಗೊತ್ತಿರುವ ತಿರುವುಗಳು. ಸೊನ್ನೆಯನ್ನು ಸೊನ್ನೆಗೆ ತಾಗಿಸುತ್ತಾ ಹೋದರೆ ಕ್ವಿಲ್ಟರ್‌ಗಳು ಪೆಬಲ್ಸ್ ಎನ್ನುವ ಬೆಣಚುಕಲ್ಲಿನ ಡಿಸೈನ್ ಆಯಿತು. ವಟ್ರಸುಳಿಯನ್ನು ಇನ್ನೆರಡು ಸುತ್ತು ಒಳಗೆ ಎಳೆದರೆ ಸ್ವರ್ಲ್ ಎನ್ನುವ ಸುರುಳಿ ಆಯಿತು.

ಒಂದೇ ಕಷ್ಟ. ಕನ್ನಡ ಬರೆಯುವಾಗ ಅಕ್ಷರ ಅಕ್ಷರಕ್ಕೂ ಪೆನ್ನು ಎತ್ತುತ್ತೇವೆ. ಸೂಜಿಯನ್ನು ಹಾಗೆ ಎತ್ತುವಂತಿಲ್ಲ, ನೂಲು ಕಡಿಯಬೇಕಾಗುತ್ತದೆ. ಹಾಗಾಗಿ ಹಳೇ ಡೈರಿಯಲ್ಲಿ ಪೆನ್ನು ಎತ್ತದೆ ಗೆರೆ ಎಳೆಯುವ ಅಭ್ಯಾಸ ಬೇಕು. ಎಳೆ ರಂಗೋಲಿ ಬರುವವರಿಗೆ ಇದು ಸಲೀಸು. ಎಲ್ಲಾದರೂ ಸಿಕ್ಕಿಕೊಂಡರೆ, ಬಂದ ಗೆರೆಯ ಮೇಲೇ ವಾಪಸು ಹೋಗಿ ಹೊರಗೆ ಬರಬಹುದು. ನೂಲು ಎರಡಾದರೆ ಅಲ್ಲಿ ಗೆರೆ ಸ್ವಲ್ಪ ದಪ್ಪ ಕಾಣುತ್ತದೆ, ಅಷ್ಟೇ.

ಕೈಗೆ ಏನಿಷ್ಟ ಅಂತ ತಿಳಿಯಲು ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಪೆನ್ನು ಹಾಳೆ ಇಟ್ಟುಕೊಳ್ಳಿ. ಮನಸ್ಸು ಮಾತಿನಲ್ಲಿ ಇದ್ದಾಗ ಕೈ ತನ್ನಷ್ಟಕ್ಕೆ ಏನೋ ಗೀಚುತ್ತದೆ. ಒಂದು ವಾರದ ಗೀಚು ಒಟ್ಟಿಗೆ ಹರಡಿ ನೋಡಿ. ಒಂದೋ ಎರಡೋ ಆಕಾರ ಮತ್ತೆ ಮತ್ತೆ ಬಂದಿರುತ್ತದೆ. ಅಲ್ಲಿಂದ ಶುರು ಮಾಡಿ.

ಮೆಣಸಿನ ಬಳ್ಳಿಯಿಂದ ಏನು ತೆಗೆದುಕೊಳ್ಳಬಹುದು

ಕೊಡಗಿನಲ್ಲಿ ಕೂತು ಹೊಲಿಯುವವರು ಇಲ್ಲಿನದ್ದನ್ನು ಹಾಕಲು ಇಷ್ಟಪಡುವುದು ಸಹಜ. ಆದರೆ ಕಾಫಿ ಗಿಡದ ಫೋಟೋ ಅಚ್ಚು ತೆಗೆದು ಹೊಲಿದರೆ ಅದು ಫೋಟೋದ ನಕಲು. ಗಿಡ ಹೇಗೆ ಸಾಗುತ್ತದೆ ಅಂತ ನೋಡಿ ಆ ನಡೆಯನ್ನು ಎತ್ತಿಕೊಂಡರೆ ಅದು ಡಿಸೈನ್.

ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಹತ್ತಿರ ಒಂದು ನಿಮಿಷ ನಿಲ್ಲಿ. ಬಳ್ಳಿಯಲ್ಲಿ ಗೆಣ್ಣುಗಳಿವೆ. ಪ್ರತಿ ಗೆಣ್ಣಿಗೆ ಒಂದೇ ಎಲೆ. ಕಾಳು ಕಟ್ಟುವ ಕರೆ ಇಳಿಬೀಳುವುದು ಎಲೆಯ ಎದುರು ಬದಿಗೆ. ಮುಂದಿನ ಗೆಣ್ಣಿಗೆ ಎಲೆ ಆ ಕಡೆ, ಕರೆ ಈ ಕಡೆ. ಇದನ್ನು ಒಂದೇ ಗೆರೆಯಲ್ಲಿ ತನ್ನಿ. ಬಳ್ಳಿಯ ಹಾಗೆ ಸ್ವಲ್ಪ ಬಳುಕಿ ಮೇಲೆ ಹೋಗಿ. ಗೆಣ್ಣು ಬಂದಲ್ಲಿ ಎಡಕ್ಕೆ ತಿರುಗಿ ಎಲೆಯ ಅಂಚು ಸುತ್ತಿ, ತುದಿ ಚೂಪು ಮಾಡಿ, ಬುಡಕ್ಕೆ ಬನ್ನಿ. ಅಲ್ಲಿಂದಲೇ ಬಲಕ್ಕೆ ಇಳಿದು ಕರೆಗೆ ನಾಲ್ಕೈದು ಸೊನ್ನೆ ಹಾಕಿ, ಅದೇ ದಾರಿಯಲ್ಲಿ ವಾಪಸು ಗೆಣ್ಣಿಗೆ. ಮತ್ತೆ ಮೇಲಕ್ಕೆ, ಈ ಸಲ ಎಲೆ ಬಲಕ್ಕೆ. ನೂಲು ಕಡಿಯದೆ ಇಡೀ ಅಂಚು ಮುಗಿಯುತ್ತದೆ.

ಇದನ್ನು ನಾನು ಹೊಲಿದಾಗ ಎಲೆ ಉದ್ದ, ಸೊನ್ನೆ ಚಿಕ್ಕದು. ನನ್ನ ಪಕ್ಕದ ಮನೆಯವರು ಹೊಲಿದಾಗ ಎಲೆ ವೀಳ್ಯದೆಲೆಯ ಹಾಗೆ ಅಗಲ, ಸೊನ್ನೆಗಳು ದಪ್ಪ ದಪ್ಪ, ಮೂರೇ ಮೂರು. ಬಳ್ಳಿ ಒಂದೇ. ಕ್ವಿಲ್ಟ್ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಯಾರದು ಯಾವುದು ಅಂತ ಮಕ್ಕಳೂ ಹೇಳುತ್ತಾರೆ.

ಗದ್ದೆಯ ಬದುಗಳನ್ನೂ ಹೀಗೇ ನೋಡಬಹುದು. ಒಂದರ ಕೆಳಗೆ ಒಂದು, ಒಂದೇ ಬಳುಕಿನಲ್ಲಿ. ಕ್ವಿಲ್ಟಿಂಗ್‌ನಲ್ಲಿ ಒಂದು ಆಕಾರದ ಸುತ್ತ ಅದೇ ಆಕಾರವನ್ನು ದೂರ ದೂರ ಮಾಡುತ್ತಾ ಹೊಲಿಯುವುದಕ್ಕೆ ಎಕೋ ಎನ್ನುತ್ತಾರೆ. ಜರಿಗಿಡದ ಸುರುಳಿ ತುದಿ, ಹೂಮಳೆ ಬಿದ್ದಮೇಲೆ ಕಾಫಿ ರೆಂಬೆಯ ಗೆಣ್ಣು ಗೆಣ್ಣಿಗೆ ಅರಳುವ ಬಿಳಿ ಗೊಂಚಲು, ಇವಕ್ಕೂ ಇಂಥ ನಡೆ ಇದೆ. ಎಲ್ಲವನ್ನೂ ಒಂದೇ ಕ್ವಿಲ್ಟ್‌ಗೆ ತುಂಬಬೇಡಿ. ಎರಡು ಅಥವಾ ಮೂರು ಸಾಕು.

ತಪ್ಪು ಯಾವುದು, ಕೈಗುಣ ಯಾವುದು

ಇದು ಗೊತ್ತಾಗದೆ ಬಹಳ ಜನ ತಮ್ಮ ಶೈಲಿಯನ್ನೇ ಬಿಚ್ಚಿ ಎಸೆಯುತ್ತಾರೆ. ನಾನೂ ಎಸೆದಿದ್ದೇನೆ. ನನ್ನ ಎಲೆಗಳ ತುದಿ ಯಾವಾಗಲೂ ಸ್ವಲ್ಪ ಎಡಕ್ಕೆ ಬಾಗುತ್ತಿತ್ತು. ವಿಡಿಯೋದಲ್ಲಿ ನೆಟ್ಟಗಿದೆ, ನನ್ನದು ಸೊಟ್ಟ ಅಂತ ಎರಡು ಸಂಜೆ ಕೂತು ಬಿಚ್ಚಿದೆ. ಮತ್ತೆ ಹೊಲಿದರೆ ಮತ್ತೆ ಎಡಕ್ಕೆ. ಕೊನೆಗೆ ಬಿಟ್ಟುಬಿಟ್ಟೆ. ಕ್ವಿಲ್ಟ್ ಮುಗಿದು ಹಾಸಿದಾಗ ಎಲ್ಲಾ ಎಲೆಯೂ ಒಂದೇ ಕಡೆ ಬಾಗಿ, ಬಳ್ಳಿಗೆ ಗಾಳಿ ಬೀಸಿದ ಹಾಗೆ ಕಂಡಿತು. ಈಗ ಬೇಕೆಂದೇ ಹಾಗೆ ಹೊಲಿಯುತ್ತೇನೆ.

ಪರೀಕ್ಷೆ ಸುಲಭ. ಕ್ವಿಲ್ಟ್ ತಿರುಗಿಸಿ ಹಿಂಭಾಗ ನೋಡಿ. ಹಿಂದೆ ನೂಲು ಕುಣಿಕೆ ಕುಣಿಕೆಯಾಗಿ ನಿಂತಿದ್ದರೆ ಅದು ತಪ್ಪು. ಮೇಲಿನ ನೂಲು ಸಡಿಲ ಇದೆ, ಅಥವಾ ಸರಿಯಾಗಿ ಕೂತಿಲ್ಲ. ಸನ್ನೆ ಎತ್ತಿ, ಬಿಚ್ಚಿ, ಮತ್ತೆ ಪೋಣಿಸಿ. ತಿರುವುಗಳಲ್ಲಿ ಮಾತ್ರ ರೆಪ್ಪೆಗೂದಲಿನ ಹಾಗೆ ನೂಲು ಎಳೆದಿದ್ದರೆ ಕೈ ಅಲ್ಲಿ ಓಡಿದೆ. ಮುಂಭಾಗದಲ್ಲಿ ಬಾಬಿನ್ ನೂಲು ಚುಕ್ಕೆ ಚುಕ್ಕೆಯಾಗಿ ಕಂಡರೆ ಮೇಲಿನ ಟೆನ್ಶನ್ ಜಾಸ್ತಿ. ಬಟ್ಟೆ ಮಡಿಕೆ ಬಿದ್ದು ಹೊಲಿದುಹೋಗಿದ್ದರೆ ಪಿನ್ನು ಸಾಲಲಿಲ್ಲ. ಪದರ ಸೇರಿಸುವಾಗ ಒಂದು ಮುಷ್ಟಿ ದೂರಕ್ಕೆ ಒಂದು ಸೇಫ್ಟಿ ಪಿನ್ ಇರಲಿ.

ಹಿಂದೆ ಮುಂದೆ ಎರಡೂ ಕಡೆ ಹೊಲಿಗೆ ಸಮ ಇದೆ, ಬಟ್ಟೆ ಚಪ್ಪಟೆ ಕೂತಿದೆ, ಆದರೂ ಆಕಾರ ವಿಡಿಯೋದ ಹಾಗಿಲ್ಲ, ಮತ್ತು ಪ್ರತಿ ಸಲ ಅದೇ ರೀತಿ ಬರುತ್ತದೆ ಅಂದರೆ ಅದು ನಿಮ್ಮ ಕೈಗುಣ. ಅದಕ್ಕೆ ಕತ್ತರಿ ಹಾಕಬೇಡಿ.

ಒಂದು ಎಚ್ಚರ. ಭಾರದ ಎಳೆತ ಕೆಲವೊಮ್ಮೆ ಕೈಗುಣದ ವೇಷ ಹಾಕುತ್ತದೆ. ಕ್ವಿಲ್ಟ್ ಮೇಜಿನಿಂದ ಜೋತು ಬಿದ್ದರೆ ಅದು ಕೈಯನ್ನು ಒಂದು ಕಡೆಗೆ ಎಳೆಯುತ್ತದೆ, ಆ ಎಳೆತಕ್ಕೆ ಎದುರಾಗಿ ಸರಿಸುವಾಗ ಹೊಲಿಗೆ ಚಿಕ್ಕದಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಮೇಜು ಅಥವಾ ಮಂಚ ಸೇರಿಸಿ, ಭಾರವೆಲ್ಲಾ ಅದರ ಮೇಲೆ ಕೂರಲಿ. ನಡುವಿನಿಂದ ಶುರು ಮಾಡಿ ಅಂಚಿಗೆ ಬನ್ನಿ. ಬೆರಳು ಜಾರಿದರೆ ನೋಟು ಎಣಿಸುವ ರಬ್ಬರ್ ಟೊಪ್ಪಿ ಎರಡು ಬೆರಳಿಗೆ ಹಾಕಿಕೊಳ್ಳಿ, ಚೆನ್ನಾಗಿ ಹಿಡಿಯುತ್ತದೆ.

ಅಭ್ಯಾಸ, ಮತ್ತು ಮಳೆಗಾಲದ ಎರಡು ಮಾತು

ಒಂದು ಅಡಿ ಚೌಕದ ಮೂರು ಪದರದ ತುಂಡುಗಳನ್ನು ಹತ್ತಿಪ್ಪತ್ತು ಮಾಡಿಟ್ಟುಕೊಳ್ಳಿ. ದಿನಕ್ಕೆ 15 ನಿಮಿಷ ಒಂದೇ ಆಕಾರ. ಮೂಲೆಯಲ್ಲಿ ತಾರೀಕು ಬರೆದು ಎತ್ತಿಡಿ. ಕೆಟ್ಟದನ್ನೂ ಎಸೆಯಬೇಡಿ. ತಿಂಗಳ ಕೊನೆಗೆ ಸಾಲಾಗಿ ಹಾಸಿದರೆ, ಕೈ ಎಲ್ಲಿ ನಿಂತುಕೊಂಡಿತು ಅಂತ ನಿಮಗೇ ಕಾಣುತ್ತದೆ. ಬೇರೆಯವರ ಡಿಸೈನ್ ನೋಡಿ ಕಲಿಯುವುದರಲ್ಲಿ ತಪ್ಪಿಲ್ಲ. ಆದರೆ ಮೂರನೇ ಸಲ ಹೊಲಿಯುವಾಗ ಫೋನು ಮುಚ್ಚಿಡಿ. ನೆನಪಿನಿಂದ ಹೊಲಿದಾಗ ಮರೆತ ಜಾಗವನ್ನು ನಿಮ್ಮ ಕೈ ತುಂಬುತ್ತದೆ.

ಇಲ್ಲಿನ ಮಳೆಗೆ ಮೆಷಿನ್ ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಬಾಬಿನ್ ಕೇಸ್ ತೆಗೆದು ಹತ್ತಿಯ ಧೂಳು ಬಳಿದು, ನಿಮ್ಮ ಮೆಷಿನ್‌ಗೆ ಎಣ್ಣೆ ಬೇಕು ಅಂದರೆ ಒಂದು ಹನಿ ಬಿಡಿ. ಆಮೇಲೆ ಹಳೇ ಬಟ್ಟೆ ಮೇಲೆ ನಾಲ್ಕು ಸಾಲು ಹೊಲಿದು ಎಣ್ಣೆ ಒರೆಸಿ. ನಡುವಿನ ಹತ್ತಿ ಹಾಳೆ ತೇವ ಎಳೆಯುತ್ತದೆ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಕರೆಂಟ್ ಹೋದ ದಿನ ಕಾಲಿನಲ್ಲಿ ತುಳಿಯುವ ಮೆಷಿನ್ ಸಾಕು. ಕಾಲಿನ ತಾಳಕ್ಕೆ ಕೈ ಬೇಗ ಹೊಂದಿಕೊಳ್ಳುತ್ತದೆ.

ಹಿಂಭಾಗದ ಮೂಲೆಯಲ್ಲಿ ಹೆಸರು

ಕ್ವಿಲ್ಟ್ ಮುಗಿದ ಮೇಲೆ ಹೆಸರು, ಊರು, ವರ್ಷ ಹೊಲಿಯುವ ಪದ್ಧತಿ ಇದೆ. ಇಂಕಿನಲ್ಲಿ ಬರೆಯುವವರಿದ್ದಾರೆ. ನಾನು ಒಂದು ತುಂಡು ಬಟ್ಟೆಯ ಮೇಲೆ ಫ್ರೀ ಮೋಷನ್‌ನಲ್ಲೇ ಬರೆದು, ಅದನ್ನು ಹಿಂಭಾಗದ ಮೂಲೆಗೆ ಕೈಯಲ್ಲಿ ಹೊಲಿಯುತ್ತೇನೆ. ಬಟ್ಟೆಯ ಅಡಿಗೆ ಒಂದು ಹಾಳೆ ಕಾಗದ ಇಟ್ಟರೆ ಸುಕ್ಕಾಗುವುದಿಲ್ಲ, ಆಮೇಲೆ ಹರಿದು ತೆಗೆಯಬಹುದು.

'ಪೊನ್ನಂಪೇಟೆ' ಅಂತ ಬರೆಯಬೇಕು ಅಂದುಕೊಳ್ಳಿ. ಪೆನ್ಸಿಲ್‌ನಲ್ಲಿ ತೆಳುವಾಗಿ ಬರೆದುಕೊಳ್ಳಿ. 'ಪೊ' ಮುಗಿಸಿ, ಬುಡದ ಗೆರೆಯಲ್ಲೇ ಎರಡು ಹೊಲಿಗೆ ಸರಿದು 'ನ'ಕ್ಕೆ ಹೋಗಿ. ಅದರ ಒತ್ತು ಬಂದಾಗ ಕೆಳಗಿಳಿದು, ಒತ್ತು ಬರೆದು, ಬಂದ ದಾರಿಯಲ್ಲೇ ಮೇಲೆ ಬನ್ನಿ. ಸೊನ್ನೆ ಒಂಟಿಯಾಗಿ ನಿಲ್ಲುತ್ತದೆ. ಅದಕ್ಕೆ 'ನ್ನ'ದಿಂದ ಒಂದು ಹೊಲಿಗೆಯ ಸೇತುವೆ ಹಾಕಿ, ದುಂಡಗೆ ಎರಡು ಸುತ್ತು ಬನ್ನಿ. ಒಂದು ಸುತ್ತು ತೆಳ್ಳಗೆ ಕಾಣುತ್ತದೆ. 'ಟೆ'ಯ ಕೊನೆಯ ತಿರುವಿನಲ್ಲಿ ನಿಲ್ಲಿಸಿ, ಮೇಲಿನ ನೂಲನ್ನು ಕೈಸೂಜಿಯಲ್ಲಿ ಬಟ್ಟೆಯ ಹಿಂಬದಿಗೆ ಎಳೆದುಕೊಂಡು, ಬಾಬಿನ್ ನೂಲಿನ ಜೊತೆ ಗಂಟು ಹಾಕಿ ಕತ್ತರಿಸಿ.